ಅಡಾಪಲೀನ್ ಹಚ್ಚಲು ತೊಡಗಿದ ಮೇಲೆ ಮೊಡವೆ ಹೆಚ್ಚಾಗಿದೆ: ಮುಂದುವರಿಸಬೇಕೇ, ನಿಲ್ಲಿಸಬೇಕೇ?

ವಿದ್ಯಾನಗರದ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಎಸ್ಸೆಸ್ಸೆಲ್ಸಿ ಮುಗಿದಾಗಿನಿಂದ ಅವಳ ಹಣೆ ಮತ್ತು ಕೆನ್ನೆಗಳ ಮೇಲೆ ಮೊಡವೆಗಳು ಏಳುತ್ತಿವೆ. ಕೆಲವು ಕೀವು ತುಂಬಿಕೊಂಡು ಒಡೆಯುತ್ತವೆ, ಒಡೆದ ಜಾಗದಲ್ಲಿ ಕಪ್ಪು ಕಲೆ ಉಳಿದುಬಿಡುತ್ತದೆ. ಕೊನೆಗೆ ಚರ್ಮರೋಗ ತಜ್ಞರಿಗೆ ತೋರಿಸಿದೆವು. ಅವರು ರಾತ್ರಿ ಹಚ್ಚಿಕೊಳ್ಳಲು ಶೇ. 0.1ರ ಅಡಾಪಲೀನ್ ಜೆಲ್ ಬರೆದುಕೊಟ್ಟು, ಮೂರು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ.

ಹಚ್ಚಲು ಶುರು ಮಾಡಿ ಕೆಲವು ವಾರಗಳಷ್ಟೇ ಆಗಿವೆ. ಮೂಗಿನ ಎರಡೂ ಬದಿಯ ಮಡಿಕೆಗಳಲ್ಲಿ ಮತ್ತು ಬಾಯಿಯ ಅಂಚಿನಲ್ಲಿ ಚರ್ಮ ಕೆಂಪಾಗಿ ತೆಳ್ಳನೆಯ ಸಿಪ್ಪೆ ಏಳುತ್ತಿದೆ, ಮುಖ ತೊಳೆದರೆ ಉರಿ ಎನ್ನುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಮೊದಲು ಮೊಡವೆಯೇ ಇರದಿದ್ದ ಗಲ್ಲದ ಮೇಲೂ ಹೊಸದಾಗಿ ಗುಳ್ಳೆಗಳು ಕಾಣಿಸಿಕೊಂಡಿವೆ. ನಮ್ಮ ಅತ್ತೆಯವರು ಇದನ್ನೆಲ್ಲ ನಿಲ್ಲಿಸಿ ಕಡಲೆಹಿಟ್ಟು, ಅರಿಶಿನ ಹಚ್ಚು ಎನ್ನುತ್ತಿದ್ದಾರೆ. ಪಕ್ಕದ ಮನೆಯವರು ಬೇರೆ ಒಂದು ಕ್ರೀಮಿನ ಟ್ಯೂಬ್ ತಂದುಕೊಟ್ಟು, ತಮ್ಮ ಮಗಳಿಗೆ ಇದರಿಂದ ವಾರದೊಳಗೆ ಮುಖ ತಿಳಿಯಾಯಿತು ಎಂದಿದ್ದಾರೆ. ಮಗಳು ಕನ್ನಡಿ ನೋಡಿಕೊಂಡು ಅಳುತ್ತಾಳೆ, ಕಾಲೇಜಿಗೆ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಹೋಗುತ್ತಾಳೆ. ಅನುಭವವಿರುವವರು ದಯವಿಟ್ಟು ತಿಳಿಸಿ. ಜೆಲ್ ಮುಂದುವರಿಸಬೇಕೇ, ಅಥವಾ ಟ್ಯೂಬ್ ಬದಲಿಸಬೇಕೇ?

ದುರ್ಗದ ಕವಿತಾ

ಅಕ್ಕಾ, ನಿಲ್ಲಿಸಬೇಡಿ. ನೀವು ಬರೆದ ಒಂದೊಂದು ಲಕ್ಷಣವನ್ನೂ ನಾನು ಅನುಭವಿಸಿದ್ದೇನೆ, ಅದನ್ನು ದಾಟಿದ ಮೇಲೆಯೇ ನನ್ನ ಮುಖ ಸುಧಾರಿಸಿತು. ಹಚ್ಚುವ ಕ್ರಮದ ಬಗ್ಗೆ ಸಂಜೆ ವಿವರವಾಗಿ ಬರೆಯುತ್ತೇನೆ.

ಹರಿಹರದ ನಾಗರಾಜ

ನನ್ನ ಅಭಿಪ್ರಾಯ ಬೇರೆಯೇ ಇದೆ. ಔಷಧ ಹಚ್ಚಿದ ಮೇಲೆ ರೋಗ ಹೆಚ್ಚಾದರೆ ಅದನ್ನು ಔಷಧವೆಂದು ಹೇಗೆ ಕರೆಯುವುದು? ಹದಿನೇಳರ ಹುಡುಗಿಯ ಚರ್ಮ ಸುಲಿಯುವಷ್ಟು ತೀಕ್ಷ್ಣವಾದ ರಾಸಾಯನಿಕವನ್ನು ತಿಂಗಳುಗಟ್ಟಲೆ ಹಚ್ಚಿಸುವುದು ನನಗೆ ಸರಿಯೆನಿಸುವುದಿಲ್ಲ. ನಮ್ಮ ತಾಯಿಯವರ ಕಾಲದಲ್ಲಿ ಲೋಳೆಸರ, ಗಂಧ, ಬೇವಿನ ಎಲೆ ಅರೆದು ಹಚ್ಚುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾವು ಅದನ್ನೆಲ್ಲ ಮರೆತಿದ್ದೇವೆ. ಮೊಡವೆ ವಯಸ್ಸಿನ ಸಹಜ ಲಕ್ಷಣ, ವಯಸ್ಸು ಕಳೆದಂತೆ ತಾನಾಗಿಯೇ ಹೋಗುತ್ತದೆ.

ಪಿಜಿ_ಚರ್ಮವಿಭಾಗ

ನಾನು ಚರ್ಮರೋಗ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಇಲ್ಲಿ ಕುಳಿತು ಯಾರಿಗೂ ಚಿಕಿತ್ಸೆ ಬರೆದುಕೊಡಲಾರೆ, ಆದರೆ ಈ ಔಷಧ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದರೆ ತಾಯಿಯವರ ಆತಂಕ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಮೊಡವೆ ಹುಟ್ಟುವುದು ಚರ್ಮದ ಮೇಲ್ಭಾಗದಲ್ಲಿ ಅಲ್ಲ, ಕೂದಲು ಬೇರೂರುವ ರಂಧ್ರದೊಳಗೆ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯಿಂದ ಉದುರಬೇಕಾದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಕಣ್ಣಿಗೆ ಕಾಣದ ಈ ಸಣ್ಣ ಅಡೆ ಮುಂದೆ ವೈಟ್‌ಹೆಡ್ ಅಥವಾ ಬ್ಲ್ಯಾಕ್‌ಹೆಡ್ ಆಗುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಉಂಟಾದರೆ ಕೆಂಪು ಗುಳ್ಳೆಯೂ ಕೀವೂ ಆಗುತ್ತದೆ. ಅಡಾಪಲೀನ್ ರೆಟಿನಾಯ್ಡ್ ಎಂಬ ಗುಂಪಿಗೆ ಸೇರಿದ್ದು. ರೆಟಿನಾಯ್ಡ್‌ಗಳು ಎ ಜೀವಸತ್ವಕ್ಕೆ ಸಂಬಂಧಿಸಿದ ಔಷಧಗಳು. ಅವು ಕೋಶಗಳು ಸರಿಯಾಗಿ ಬೆಳೆದು ಸರಿಯಾಗಿ ಉದುರುವಂತೆ ಮಾಡಿ, ಆ ಅಡೆಯೇ ಕಟ್ಟಿಕೊಳ್ಳದಂತೆ ತಡೆಯುತ್ತವೆ, ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತವೆ. ಇಂದು ಮುಖದ ಮೇಲೆ ಕಾಣುವ ಗುಳ್ಳೆ ಹಲವು ವಾರಗಳ ಹಿಂದೆಯೇ ಒಳಗೆ ರೂಪುಗೊಂಡದ್ದು. ಹೀಗಾಗಿ ಔಷಧ ಶುರು ಮಾಡಿದ ಹೊಸದರಲ್ಲಿ ಒಳಗಿದ್ದವು ಬೇಗ ಬೇಗ ಮೇಲೆ ಬಂದು, ಮೊಡವೆ ಹೆಚ್ಚಿದಂತೆ ಕಾಣುವುದು ಕೆಲವರಲ್ಲಿ ಉಂಟು. ಎಲ್ಲರಿಗೂ ಹಾಗಾಗುವುದಿಲ್ಲ. ಸ್ಪಷ್ಟವಾದ ಗುಣ ಕಾಣಲು 8ರಿಂದ 12 ವಾರ ಬೇಕು. ಮೂರು ತಿಂಗಳು ಬಿಟ್ಟು ಬನ್ನಿ ಎಂದು ವೈದ್ಯರು ಹೇಳಿದ್ದು ಈ ಲೆಕ್ಕದಿಂದಲೇ.

ನಾಗರಾಜ ಅವರೇ, ವಯಸ್ಸು ಕಳೆದಂತೆ ಮೊಡವೆ ಕಡಿಮೆಯಾಗುವುದು ನಿಜ, ಆದರೆ ಕೀವುಗಟ್ಟುವ ಮೊಡವೆಗಳು ಹೋಗುವಾಗ ಬಿಟ್ಟುಹೋಗುವ ಗುಳಿಗಳು ಜೀವನಪರ್ಯಂತ ಉಳಿಯುತ್ತವೆ. ಕಾಯುವುದಕ್ಕೂ ಒಂದು ಬೆಲೆಯಿದೆ, ಆ ಬೆಲೆಯನ್ನು ತೆರುವವಳು ಆ ಹುಡುಗಿ.

ಔಷಧಿ ಅಂಗಡಿ, ಪಿ.ಜೆ. ಬಡಾವಣೆ

ತಾಯಿಯವರಲ್ಲಿ ಒಂದು ವಿನಂತಿ. ಪಕ್ಕದ ಮನೆಯವರು ಕೊಟ್ಟಿರುವ ಟ್ಯೂಬನ್ನು ಹಚ್ಚುವ ಮುನ್ನ ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದು ಓದಿ, ಒಳಗೆ ಏನೇನಿದೆ ಎಂದು ಇಲ್ಲಿ ಬರೆಯಿರಿ. ಮುಂದೆ ದೊಡ್ಡ ಅಕ್ಷರದಲ್ಲಿರುವುದು ಕೇವಲ ಹೆಸರು. ನಮಗೆ ಬೇಕಾದ್ದು ಹಿಂದೆ ಸಾಸಿವೆ ಗಾತ್ರದ ಅಕ್ಷರಗಳಲ್ಲಿರುತ್ತದೆ.

ವಿದ್ಯಾನಗರದ ತಾಯಿ

ಓದಿದೆ ಸರ್. ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1 ಎಂದಿದೆ. ಪಕ್ಕದಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆಯೂ ಇದೆ. ಇನ್ನೂ ಹಚ್ಚಿಸಿಲ್ಲ.

ಔಷಧಿ ಅಂಗಡಿ, ಪಿ.ಜೆ. ಬಡಾವಣೆ

ಹಚ್ಚಿಸಬೇಡಿ. ದಯವಿಟ್ಟು ಹಚ್ಚಿಸಬೇಡಿ. ಹೈಡ್ರೋಕ್ವಿನೋನ್ ಚರ್ಮದ ಬಣ್ಣ ತಿಳಿಯಾಗಿಸುವ ಔಷಧ, ಮೊಮೆಟಾಸೋನ್ ಎಂಬುದು ಸ್ಟಿರಾಯ್ಡ್. ಆ ಕೆಂಪು ಗೆರೆಯ ಅರ್ಥ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು. ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್, ಅಂದರೆ ಚೀಟಿ ಬೇಕಾದ ಔಷಧಗಳ ಪಟ್ಟಿಯ ಬಿಗಿಯೊಳಗೆ ತಂದಿದೆ. ಆದರೂ ಮದುವೆಯ ಸೀಸನ್ನಿನಲ್ಲಿ "ಮುಖ ಬೆಳ್ಳಗಾಗುವ ಕ್ರೀಮು ಕೊಡಿ" ಎಂದು ಹೆಸರು ಹಿಡಿದು ಕೇಳಿಕೊಂಡು ಬರುವವರು ದಿನವೂ ಇದ್ದಾರೆ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರೆ ಮುನಿಸಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಗುವುದೂ ಉಂಟು. ನಮ್ಮ ವೃತ್ತಿಯವರಲ್ಲೇ ಕೆಲವರು ಹೀಗೆ ಮಾಡುವುದು ನನಗೆ ಬಹಳ ನೋವಿನ ಸಂಗತಿ.

ಹರಿಹರದ ನಾಗರಾಜ

ನನಗೊಂದು ಸಂಶಯ. ಆ ಟ್ಯೂಬಿನಲ್ಲಿಯೂ ಟ್ರೆಟಿನಾಯಿನ್ ಇದೆ, ಅದೂ ರೆಟಿನಾಯ್ಡ್ ಜಾತಿಯದೇ ಎಂದು ಕೇಳಿದ್ದೇನೆ. ಒಂದು ರೆಟಿನಾಯ್ಡ್ ಹಚ್ಚಿ ಮುಖ ಸುಲಿದಿದೆ, ಇನ್ನೊಂದು ರೆಟಿನಾಯ್ಡ್ ಇರುವ ಕ್ರೀಮು ಹಚ್ಚಿ ವಾರದಲ್ಲಿ ತಿಳಿಯಾಗಿದೆ. ಹಾಗಿದ್ದ ಮೇಲೆ ಎರಡನೆಯದೇ ಉತ್ತಮ ಎಂದು ಜನ ತಿಳಿದರೆ ತಪ್ಪೇನು? ನಾನು ಎರಡನ್ನೂ ಒಪ್ಪುವವನಲ್ಲ, ಆದರೆ ತರ್ಕ ಸ್ಪಷ್ಟವಾಗಲಿ.

ಪಿಜಿ_ಚರ್ಮವಿಭಾಗ

ಬಹಳ ಸರಿಯಾದ ಪ್ರಶ್ನೆ. ವಾರದಲ್ಲಿ ಮುಖ ತಿಳಿಯಾಗುವುದು ಟ್ರೆಟಿನಾಯಿನ್‌ನಿಂದಲ್ಲ, ಸ್ಟಿರಾಯ್ಡ್‌ನಿಂದ. ಸ್ಟಿರಾಯ್ಡ್ ಉರಿಯೂತವನ್ನು ಕೂಡಲೇ ಅಡಗಿಸುತ್ತದೆ, ರಕ್ತನಾಳಗಳನ್ನು ಕುಗ್ಗಿಸಿ ಕೆಂಪನ್ನು ಇಳಿಸುತ್ತದೆ, ಚರ್ಮವನ್ನು ತಿಳಿಯಾಗಿಸುತ್ತದೆ. ರೆಟಿನಾಯ್ಡ್‌ನಿಂದ ಏಳಬೇಕಾದ ಸಿಪ್ಪೆ, ಉರಿಗಳೂ ಅದರ ಮರೆಯಲ್ಲಿ ಕಾಣಿಸುವುದಿಲ್ಲ. ನೋಡಿದವರಿಗೆ ಪವಾಡ ಎನಿಸುತ್ತದೆ. ಆದರೆ ಅದೇ ಕ್ರೀಮನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ನಾಳಗಳು ಎಳೆ ಎಳೆಯಾಗಿ ಕಾಣಲು ತೊಡಗುತ್ತವೆ, ಹುಡುಗಿಯರ ಮುಖದಲ್ಲಿ ಕೂದಲು ಬೆಳೆಯುತ್ತದೆ, ಕೊನೆಗೆ ಸ್ಟಿರಾಯ್ಡ್‌ನಿಂದಲೇ ಹೊಸ ಮೊಡವೆಗಳು ಒಂದೇ ಗಾತ್ರದಲ್ಲಿ ಗುಂಪಾಗಿ ಏಳುತ್ತವೆ. ಆಗ ನಿಲ್ಲಿಸಲು ಹೋದರೆ ಮುಖ ಉರಿದು ಕೆಂಪಾಗಿ ಊದಿಕೊಳ್ಳುತ್ತದೆ. ಆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ನಮ್ಮ ಹೊರರೋಗಿ ವಿಭಾಗಕ್ಕೆ ಹೀಗೆ ಬರುವವರಲ್ಲಿ ಬಹುತೇಕರು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ಈ ಸ್ಥಿತಿಗೆ ವೈದ್ಯಕೀಯದಲ್ಲಿ ಪ್ರತ್ಯೇಕ ಹೆಸರನ್ನೇ ಇಡಬೇಕಾಗಿ ಬಂದಿದೆ.

ಆ ಮೂರರ ಮಿಶ್ರಣಕ್ಕೂ ಒಂದು ಉಪಯೋಗವಿದೆ, ಅದು ಬಂಗಿಗೆ, ಅಂದರೆ ಮುಖದ ಮೇಲೆ ಮೂಡುವ ಕಂದು ಮಚ್ಚೆಗಳಿಗೆ. ಅದೂ ಕೆಲವೇ ವಾರಗಳ ಮಟ್ಟಿಗೆ, ವೈದ್ಯರ ಕಣ್ಣೆದುರು. ಮೊಡವೆಗಾಗಿ ಅದನ್ನು ಕೊಡುವುದಿಲ್ಲ.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಈ ಮಿಶ್ರಣದ ಹಿಂದೆ ಒಂದು ಇತಿಹಾಸವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು ಟ್ರೆಟಿನಾಯಿನ್ ಹಚ್ಚಿದರೆ ಮೊಡವೆ ಇಳಿಯುತ್ತದೆ ಎಂಬುದನ್ನು 1969ರಲ್ಲಿ ಪ್ರಕಟಿಸಿದರು. 1971ರಲ್ಲಿ ಅಲ್ಲಿ ಅದಕ್ಕೆ ಔಷಧವಾಗಿ ಅನುಮತಿ ದೊರೆಯಿತು. 1975ರಲ್ಲಿ ಅದೇ ಕ್ಲಿಗ್ಮನ್ ಮತ್ತೊಬ್ಬರೊಂದಿಗೆ ಸೇರಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡ್ ಮೂರನ್ನೂ ಕೂಡಿಸಿದ ಸೂತ್ರವನ್ನು ಕಪ್ಪು ಕಲೆಗಳಿಗಾಗಿ ಕೊಟ್ಟರು. ನಮ್ಮ ಅಂಗಡಿಗಳಲ್ಲಿ ಬಿಳುಪಿನ ಕ್ರೀಮೆಂದು ಕೈಬದಲಾಗುತ್ತಿರುವುದು ಅದರ ಮಾರ್ಪಟ್ಟ ರೂಪ. ಔಷಧಕ್ಕಾಗಿ ಹುಟ್ಟಿದ ಸೂತ್ರ ಬಿಳಿ ಬಣ್ಣದ ವ್ಯಾಮೋಹಕ್ಕೆ ಬಳಕೆಯಾಗುತ್ತಿದೆ, ಅದಕ್ಕೆ ಸೂತ್ರವನ್ನು ದೂಷಿಸಿ ಫಲವಿಲ್ಲ.

ಹರಿಹರದ ನಾಗರಾಜ

ಅದೇ ಕ್ಲಿಗ್ಮನ್ ಜೈಲಿನ ಕೈದಿಗಳ ಮೇಲೆ ಪ್ರಯೋಗ ನಡೆಸಿದವನಲ್ಲವೇ? ಅದನ್ನೂ ಹೇಳಿ ಮೇಷ್ಟ್ರೇ.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಹೌದು, ಅದೂ ಸತ್ಯ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಕೈದಿಗಳ ಚರ್ಮದ ಮೇಲೆ ಪ್ರಯೋಗಗಳು ನಡೆದವು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಅವರಿಗೆ ಆದದ್ದು ಘೋರ ಅನ್ಯಾಯ, ಅದನ್ನು ಯಾವ ಔಷಧದ ಗುಣವೂ ತೊಳೆಯಲಾರದು. ಆದರೆ ಈಗ ನಮ್ಮ ಮುಂದಿರುವ ಹುಡುಗಿಯ ವಿಷಯದಲ್ಲಿ, ರೆಟಿನಾಯ್ಡ್‌ಗಳು ಐವತ್ತು ವರ್ಷಗಳಿಂದ ಬಳಸಿ ನೋಡಿದ ಜಾತಿಯ ಔಷಧಗಳು ಎಂಬುದನ್ನೂ ಗಮನಿಸಬೇಕು. ಅಡಾಪಲೀನ್ ಟ್ರೆಟಿನಾಯಿನ್‌ಗಿಂತ ಈಚಿನದು, ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು 1996ರಲ್ಲಿ.

ಅನಿವಾಸಿ ದಾವಣಗೆರೆ

ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಶೇ. 0.1ರ ಅಡಾಪಲೀನ್ ಜೆಲ್ಲನ್ನು 2016ರಿಂದ ಚೀಟಿ ಇಲ್ಲದೆಯೇ ಅಂಗಡಿಯ ಕಪಾಟಿನಿಂದ ತೆಗೆದುಕೊಳ್ಳಬಹುದು, 12 ವರ್ಷ ದಾಟಿದವರು ಬಳಸಬಹುದು ಎಂದು ಅದರ ಮೇಲೆಯೇ ಮುದ್ರಿಸಿರುತ್ತಾರೆ. ತಾಯಿಯವರು ಅಷ್ಟು ಹೆದರಬೇಕಾದ ಔಷಧವಲ್ಲ ಎಂದು ತಿಳಿಸಲು ಬರೆದೆ. ಟ್ರೆಟಿನಾಯಿನ್‌ಗೆ ಮಾತ್ರ ಇಲ್ಲಿಯೂ ಚೀಟಿ ಬೇಕು.

ದುರ್ಗದ ಕವಿತಾ

ಬೆಳಿಗ್ಗೆ ಹೇಳಿದಂತೆ ಹಚ್ಚುವ ಕ್ರಮ ಬರೆಯುತ್ತಿದ್ದೇನೆ. ನನಗೆ ಇದನ್ನು ಹೇಳಿಕೊಟ್ಟವರು ನನ್ನ ವೈದ್ಯರು, ಆ ಕ್ರಮ ಬದಲಾಯಿಸಿದ ಮೇಲೆಯೇ ಉರಿ ನಿಂತದ್ದು.

ರಾತ್ರಿ ಮುಖವನ್ನು ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸಬೇಕು. ಚರ್ಮ ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡಬೇಕು, ಒದ್ದೆ ಮುಖಕ್ಕೆ ಹಚ್ಚಿದರೆ ಔಷಧ ಹೆಚ್ಚು ಇಳಿದು ಉರಿಸುತ್ತದೆ. ಇಡೀ ಮುಖಕ್ಕೆ ಬೇಕಾಗುವುದು ಒಂದು ಬಟಾಣಿ ಕಾಳಿನಷ್ಟು ಜೆಲ್ ಮಾತ್ರ. ಅದನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಹಣೆಗೆ, ಎರಡು ಕೆನ್ನೆಗೆ, ಗಲ್ಲಕ್ಕೆ ಒಂದೊಂದು ಚುಕ್ಕೆ ಇಟ್ಟು, ನಂತರ ತೆಳುವಾಗಿ ಹರಡಬೇಕು. ಮೊಡವೆಯ ತಲೆಯ ಮೇಲಷ್ಟೇ ಗುಪ್ಪೆಯಾಗಿ ಇಟ್ಟರೆ ಅಲ್ಲಿ ಸುಡುತ್ತದೆಯೇ ಹೊರತು, ಪಕ್ಕದಲ್ಲಿ ನಾಳೆ ಏಳಲಿರುವ ಗುಳ್ಳೆಗೆ ಏನೂ ಆಗುವುದಿಲ್ಲ. ಕಣ್ಣಿನ ರೆಪ್ಪೆ, ತುಟಿ, ಮೂಗಿನ ಮಡಿಕೆ, ಬಾಯಿಯ ಮೂಲೆ ಇವುಗಳನ್ನು ಬಿಡಬೇಕು. ಮಗಳಿಗೆ ಸಿಪ್ಪೆ ಏಳುತ್ತಿರುವುದು ಸರಿಯಾಗಿ ಅದೇ ಜಾಗಗಳಲ್ಲಿ. ಆ ಮಡಿಕೆಗಳಿಗೆ ಮೊದಲೇ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿಬಿಟ್ಟರೆ ಔಷಧ ಅಲ್ಲಿಗೆ ಹರಿಯುವುದಿಲ್ಲ.

ಉರಿ ಇರುವವರೆಗೆ ದಿನ ಬಿಟ್ಟು ದಿನ, ಅಥವಾ ವಾರಕ್ಕೆ ಎರಡು ಮೂರು ರಾತ್ರಿ ಹಚ್ಚಿದರೂ ಆಗುತ್ತದೆ, ಚರ್ಮ ಹೊಂದಿಕೊಂಡಂತೆ ದಿನವೂ ಹಚ್ಚಬಹುದು. ಮೊದಲು ಮಾಯಿಶ್ಚರೈಸರ್, ಮೇಲೆ ಜೆಲ್, ಮತ್ತೆ ಮಾಯಿಶ್ಚರೈಸರ್ ಹಚ್ಚುವ ಪದ್ಧತಿಯೂ ಇದೆ. ಚಿತ್ರದುರ್ಗದ ಒಣಗಾಳಿಗೆ ನನಗೆ ಒಗ್ಗಿದ್ದು ಅದೇ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಸಾಬೂನು ಹಾಕಿ ತೊಳೆದರೆ ಮುಖ ಬಿಗಿದುಕೊಂಡು ಇನ್ನಷ್ಟು ಉರಿಯುತ್ತದೆ, ಆದ್ದರಿಂದ ಸಾಬೂನನ್ನು ಮುಖದಿಂದ ದೂರವಿಡಿ.

ವಿದ್ಯಾನಗರದ ತಾಯಿ

ತಂಗೀ, ಇಷ್ಟು ವಿವರ ನಮಗೆ ಯಾರೂ ಹೇಳಿರಲಿಲ್ಲ. ವೈದ್ಯರ ಬಳಿ ಜನ ಬಹಳ ಇದ್ದರು, ನಾವೂ ಕೇಳಲಿಲ್ಲ. ಮಗಳು ಹಚ್ಚುತ್ತಿರುವ ಪ್ರಮಾಣ ನೀವು ಹೇಳಿದ್ದಕ್ಕಿಂತ ಬಹಳ ಹೆಚ್ಚು, ಅದೂ ಮುಖ ತೊಳೆದ ಕೂಡಲೇ. ಇಂದು ರಾತ್ರಿ ಬಿಡುವು ಕೊಟ್ಟು ನಾಳೆಯಿಂದ ಈ ಕ್ರಮ ಹಿಡಿಯುತ್ತೇವೆ. ಕಡಲೆಹಿಟ್ಟು, ಅರಿಶಿನ ಹಚ್ಚಿದರೆ ತೊಂದರೆಯೇ? ಅತ್ತೆಯವರ ಮನಸ್ಸು ನೋಯಿಸಲು ಇಷ್ಟವಿಲ್ಲ.

ಪಿಜಿ_ಚರ್ಮವಿಭಾಗ

ಸಿಪ್ಪೆ ಏಳುತ್ತಿರುವಾಗ ಕಡಲೆಹಿಟ್ಟಿನಿಂದ ತಿಕ್ಕುವುದು ಬೇಡ ಮೇಡಂ, ಚರ್ಮ ತರಚುತ್ತದೆ. ನಮ್ಮ ಬಣ್ಣದ ಚರ್ಮದಲ್ಲಿ ಸಣ್ಣ ಗಾಯವೂ ಕಪ್ಪು ಕಲೆಯಾಗಿ ಉಳಿಯುತ್ತದೆ. ಔಷಧದ ಉರಿ ಮಿತಿಮೀರಿದರೂ ಅದೇ ಆಗುತ್ತದೆ, ಹಾಗಾಗಿಯೇ ನಿಧಾನವಾಗಿ ಏರಿಸಿ ಎನ್ನುವುದು. ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟ್ ಇವಂತೂ ಬೇಡವೇ ಬೇಡ. ಅತ್ತೆಯವರಿಗೆ ಅರಿಶಿನವನ್ನು ಕೈಕಾಲಿಗೆ ಹಚ್ಚಿಸಲು ಹೇಳಿ, ಮುಖವೊಂದನ್ನು ಬಿಟ್ಟುಕೊಡಲಿ.

ಚಳ್ಳಕೆರೆ ಬಸಣ್ಣ

ನಮ್ಮೂರು ಶೇಂಗಾ ಎಣ್ಣೆಗೆ ಹೆಸರಾದ ಊರು, ಆದ್ದರಿಂದ ಎಣ್ಣೆಯ ವಿಷಯ ನಾನು ಕೇಳಲೇಬೇಕು. ಎಣ್ಣೆ ಪದಾರ್ಥ ತಿಂದರೆ ಮೊಡವೆ ಬರುತ್ತದೆ ಎಂದು ನಮ್ಮ ಮನೆಯಲ್ಲಿ ಮಕ್ಕಳಿಗೆ ಮಿರ್ಚಿಯನ್ನೇ ನಿಲ್ಲಿಸಿದ್ದಾರೆ. ಇದು ನಿಜವೇ? ದಾವಣಗೆರೆಯವರು ಬೆಣ್ಣೆ ದೋಸೆಯನ್ನೂ ಬಿಡಬೇಕಾಗುತ್ತದೆಯೇ?

ಜಗಳೂರಿನ ಹುಡುಗ

ಬೆಣ್ಣೆ ದೋಸೆ ಬಿಡಬೇಕೆಂದರೆ ನಾನು ಮೊಡವೆಯನ್ನೇ ಒಪ್ಪಿಕೊಳ್ಳುತ್ತೇನೆ ಅಣ್ಣ.

ಪಿಜಿ_ಚರ್ಮವಿಭಾಗ

ಬೆಣ್ಣೆಯಿಂದ ಅಥವಾ ಕರಿದ ಮಿರ್ಚಿಯಿಂದ ಮೊಡವೆ ಬರುತ್ತದೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಸ್ವಲ್ಪಮಟ್ಟಿಗೆ ಆಧಾರವಿರುವುದು ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರಕ್ಕೆ, ಅಂದರೆ ಸಿಹಿತಿಂಡಿ, ತಂಪುಪಾನೀಯ, ಮೈದಾ ಇಂಥವಕ್ಕೆ. ಹಾಲಿನ ವಿಷಯದಲ್ಲಿ ಕೆಲವು ಅಧ್ಯಯನಗಳು ಸಂಬಂಧ ತೋರಿಸಿವೆ, ಅದು ಎಲ್ಲರಿಗೂ ಅನ್ವಯಿಸುವುದಿಲ್ಲ. ಜಿಮ್‌ಗೆ ಹೋಗುವ ಹುಡುಗರಲ್ಲಿ ವೇ ಪ್ರೋಟೀನ್ ಪುಡಿ ಕುಡಿಯತೊಡಗಿದ ಮೇಲೆ ಮೊಡವೆ ಹೆಚ್ಚಿದ ಪ್ರಕರಣಗಳು ವರದಿಯಾಗಿವೆ, ಅದನ್ನು ನಾವು ತಪ್ಪದೆ ವಿಚಾರಿಸುತ್ತೇವೆ.

ಬಸಣ್ಣನವರೇ, ಎಣ್ಣೆ ತಿನ್ನುವುದಕ್ಕಿಂತ ತಲೆಗೆ ಹಚ್ಚುವುದರ ಕಡೆ ನೋಡಿ. ಕೂದಲಿಗೆ ಧಾರಾಳವಾಗಿ ಎಣ್ಣೆ ಹಚ್ಚಿ ಮಲಗಿದರೆ ಅದು ಹಣೆಗಿಳಿದು ರಂಧ್ರಗಳನ್ನು ಮುಚ್ಚುತ್ತದೆ, ಹಣೆಯ ಮೇಲಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ತಾಯಿಯವರು ಮಗಳ ಹಣೆಯ ಮೊಡವೆ ಎಂದಿದ್ದೀರಿ. ಎಣ್ಣೆ ಹಚ್ಚುವ ದಿನವೇ ತಲೆಸ್ನಾನ ಮಾಡಿಸಿ, ದಿಂಬಿನ ಬಟ್ಟೆಯನ್ನು ಆಗಾಗ ಬದಲಾಯಿಸಿ.

ವಿದ್ಯಾನಗರದ ತಾಯಿ

ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹಾಕುವುದು ನಮ್ಮ ಮನೆಯ ರೂಢಿ. ನಾಳೆಯಿಂದ ಅದನ್ನೂ ಬದಲಾಯಿಸುತ್ತೇನೆ.

ಜಗಳೂರಿನ ಹುಡುಗ

ನನಗೆ ಅಡಾಪಲೀನ್ ಜೊತೆಗೆ ಬೆನ್ಜಾಯಿಲ್ ಪೆರಾಕ್ಸೈಡ್ ಕೂಡ ಕೊಟ್ಟಿದ್ದಾರೆ. ಗುಣವೇನೋ ಚೆನ್ನಾಗಿದೆ, ಆದರೆ ಅದು ತಾಗಿದ ಟವೆಲ್ಲು, ದಿಂಬು, ಅಂಗಿಯ ಕಾಲರು ಎಲ್ಲದರ ಬಣ್ಣ ಹೋಗಿದೆ. ಬಿಳಿ ಟವೆಲ್ ಬಳಸಿ ಎಂದು ಮೊದಲೇ ಹೇಳಿದ್ದರೆ ಅಮ್ಮನಿಂದ ಬೈಗುಳ ತಪ್ಪುತ್ತಿತ್ತು. ಇನ್ನೊಂದು ಪ್ರಶ್ನೆ ಇದೆ. ಸ್ನೇಹಿತನೊಬ್ಬ ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ವರ್ಷದಿಂದ ಹಚ್ಚುತ್ತಿದ್ದಾನೆ. ಮೊದಲು ಕೆಲಸ ಮಾಡಿತು, ಈಗ ಮಾಡುತ್ತಿಲ್ಲ ಎನ್ನುತ್ತಾನೆ. ಏಕೆ?

ಔಷಧಿ ಅಂಗಡಿ, ಪಿ.ಜೆ. ಬಡಾವಣೆ

ಕ್ಲಿಂಡಾಮೈಸಿನ್ ಆ್ಯಂಟಿಬಯೋಟಿಕ್. ಅದೊಂದನ್ನೇ ಬಹುಕಾಲ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗುತ್ತದೆ, ಹಾಗಾಗಿ ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆಯಲ್ಲಿ ಕೊಡುವುದು ಕ್ರಮ. ಬೆನ್ಜಾಯಿಲ್ ಪೆರಾಕ್ಸೈಡ್‌ಗೆ ಬ್ಯಾಕ್ಟೀರಿಯಾ ಹಾಗೆ ಒಗ್ಗುವುದಿಲ್ಲ. ಅದು ಅಡಾಪಲೀನ್ ಜೊತೆ ಹೊಂದಿಕೊಳ್ಳುತ್ತದೆ, ಎರಡೂ ಒಂದೇ ಟ್ಯೂಬಿನಲ್ಲಿ ಬರುವುದೂ ಉಂಟು. ಆದರೆ ಸಾಮಾನ್ಯ ಟ್ರೆಟಿನಾಯಿನ್ ಕ್ರೀಮನ್ನು ಅದರ ಜೊತೆ ಒಂದೇ ಹೊತ್ತಿನಲ್ಲಿ ಹಚ್ಚಿದರೆ ಟ್ರೆಟಿನಾಯಿನ್ ಕೆಡುತ್ತದೆ. ಹಾಗಿದ್ದಾಗ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಹಚ್ಚಲು ವೈದ್ಯರು ಹೇಳುತ್ತಾರೆ.

ಹೊಳಲ್ಕೆರೆ ಸುಮಾ

ನಾನು ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಇಂಥ ಜೆಲ್ ಹಚ್ಚುತ್ತಿರುವುದನ್ನು ಹೇಳದೆಯೇ ಮೇಲ್ದುಟಿಗೆ ವ್ಯಾಕ್ಸಿಂಗ್ ಮಾಡಿಸಿಕೊಳ್ಳಲು ಬರುವ ಹೆಣ್ಣುಮಕ್ಕಳಿದ್ದಾರೆ. ಪಟ್ಟಿ ಎಳೆದಾಗ ಕೂದಲಿನ ಜೊತೆ ಚರ್ಮದ ಪದರವೂ ಬಂದು ಹಸಿಗಾಯವಾಗುತ್ತದೆ. ಆದ್ದರಿಂದ ನಾನೀಗ ಕುರ್ಚಿಯಲ್ಲಿ ಕೂರಿಸುವ ಮುನ್ನವೇ ರಾತ್ರಿ ಯಾವ ಔಷಧ ಹಚ್ಚುತ್ತೀರಿ ಎಂದು ಕೇಳುತ್ತೇನೆ. ಹಚ್ಚುವವರಿಗೆ ಮುಖದ ವ್ಯಾಕ್ಸಿಂಗ್, ಬ್ಲೀಚ್, ಸ್ಕ್ರಬ್ ಯಾವುದನ್ನೂ ಮಾಡುವುದಿಲ್ಲ. ಹುಬ್ಬಿಗೆ ದಾರ ಹಾಕಿಸುವವರೂ ಕೆಲವು ದಿನ ಮೊದಲು ಆ ಜಾಗದಲ್ಲಿ ಜೆಲ್ ನಿಲ್ಲಿಸಿ ಬರುವುದು ಒಳ್ಳೆಯದು. ಗಿರಾಕಿ ಕೈತಪ್ಪಿದರೂ ಪರವಾಗಿಲ್ಲ, ಮುಖ ಕೆಡಿಸಿದ ಹೆಸರು ನನಗೆ ಬೇಡ.

ಹರಿಹರದ ನಾಗರಾಜ

ಸುಮಕ್ಕ ಹೇಳಿದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ನನ್ನ ಮೂಲ ಆಕ್ಷೇಪ ಹಾಗೆಯೇ ಇದೆ. ಇಷ್ಟು ಜಾಗ್ರತೆ ಬೇಕಾಗುವ ಔಷಧವನ್ನು, ಎರಡು ನಿಮಿಷದಲ್ಲಿ ಚೀಟಿ ಬರೆದು ಕೈಗಿತ್ತು ಕಳಿಸಿದರೆ ಜನ ತಪ್ಪಾಗಿಯೇ ಹಚ್ಚುತ್ತಾರೆ. ಉರಿ ಬಂದಾಗ ಕೇಳಲು ಯಾರೂ ಇರುವುದಿಲ್ಲ, ಆಗ ಪಕ್ಕದ ಮನೆಯ ಟ್ಯೂಬು ಕೈಗೆ ಬರುತ್ತದೆ.

ಪಿಜಿ_ಚರ್ಮವಿಭಾಗ

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ ಸರ್. ಮೊದಲ ತಿಂಗಳಲ್ಲಿ ಏನಾಗುತ್ತದೆ ಎಂಬುದನ್ನು ಮೊದಲೇ ಹೇಳಿ ಕಳಿಸಿದ ರೋಗಿ ಔಷಧ ಬಿಡುವುದಿಲ್ಲ. ಹೇಳದೆ ಕಳಿಸಿದವರಲ್ಲಿ ಹಲವರು ಹಿಂತಿರುಗುವುದೇ ಇಲ್ಲ, ಹಿಂತಿರುಗುವಾಗ ಸ್ಟಿರಾಯ್ಡ್ ಹಚ್ಚಿದ ಮುಖ ಹೊತ್ತು ಬರುತ್ತಾರೆ. ಸರದಿ ಎಷ್ಟೇ ಉದ್ದವಿರಲಿ, ಬಟಾಣಿ ಕಾಳಿನಷ್ಟು ಜೆಲ್ಲನ್ನು ಅವರ ಕೈಮೇಲೆ ಹಿಂಡಿ ತೋರಿಸಲು ಹೆಚ್ಚು ಹೊತ್ತು ಬೇಕಿಲ್ಲ.

ಹೊಸದುರ್ಗದ ಓದುಗಿ

ಮಧ್ಯೆ ಬಂದು ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನನಗೆ ಮದುವೆಯಾಗಿ ಒಂದು ವರ್ಷವಾಗಿದೆ, ಮಗುವಿಗಾಗಿ ಯೋಚಿಸುತ್ತಿದ್ದೇವೆ. ನಾನೂ ಟ್ರೆಟಿನಾಯಿನ್ ಹಚ್ಚುತ್ತಿದ್ದೇನೆ. ಮುಂದುವರಿಸಬಹುದೇ?

ಪಿಜಿ_ಚರ್ಮವಿಭಾಗ

ಕೇಳಿದ್ದು ಬಹಳ ಒಳ್ಳೆಯದಾಯಿತು. ಹಚ್ಚಿದ ಔಷಧ ರಕ್ತಕ್ಕೆ ಸೇರುವುದು ಅತ್ಯಲ್ಪವಾದರೂ, ಗರ್ಭಿಣಿಯರಿಗೂ ಗರ್ಭ ನಿರೀಕ್ಷಿಸುತ್ತಿರುವವರಿಗೂ ರೆಟಿನಾಯ್ಡ್ ಬೇಡ ಎನ್ನುವುದೇ ವಾಡಿಕೆ. ಟಜರೋಟೀನ್ ಎಂಬ ಇನ್ನೊಂದು ರೆಟಿನಾಯ್ಡ್ ಅಂತೂ ಗರ್ಭಾವಸ್ಥೆಯಲ್ಲಿ ನಿಷಿದ್ಧ. ಈಗಲೇ ನಿಲ್ಲಿಸಿ ವೈದ್ಯರನ್ನು ಕಾಣಿರಿ, ಅಜೆಲಾಯಿಕ್ ಆಸಿಡ್‌ನಂಥ ಬದಲಿ ಔಷಧಗಳಿವೆ. ನುಂಗುವ ಐಸೊಟ್ರೆಟಿನಾಯಿನ್ ಗುಳಿಗೆಯ ವಿಷಯ ಇನ್ನೂ ಗಂಭೀರ. ಅದು ಭ್ರೂಣಕ್ಕೆ ತೀವ್ರ ಅಂಗವೈಕಲ್ಯ ಉಂಟುಮಾಡುತ್ತದೆ, ಹೀಗಾಗಿ ನುಂಗುವಾಗಲೂ ನಿಲ್ಲಿಸಿದ ಮೇಲೆ ಕನಿಷ್ಠ ಒಂದು ತಿಂಗಳವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು. ಗೆಳತಿಗೆ ಗುಣವಾಯಿತೆಂದು ಆ ಗುಳಿಗೆಯನ್ನು ಹಂಚಿಕೊಳ್ಳುವ ಹುಡುಗಿಯರಿದ್ದರೆ ದಯಮಾಡಿ ತಡೆಯಿರಿ.

ತಾಯಿಯವರಿಗೂ ಒಂದು ಪ್ರಶ್ನೆ. ಮಗಳ ಮುಟ್ಟು ಕ್ರಮವಾಗಿದೆಯೇ? ಗಲ್ಲ, ದವಡೆಗಳ ಮೇಲೆ ಮೊಡವೆ ಏಳುತ್ತಾ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನ ಅಂಡಾಶಯದ ತೊಂದರೆ) ಇದೆಯೇ ಎಂದು ನೋಡಬೇಕಾಗುತ್ತದೆ.

ವಿದ್ಯಾನಗರದ ತಾಯಿ

ಮುಟ್ಟು ಕ್ರಮವಾಗಿಯೇ ಇದೆ ಡಾಕ್ಟ್ರೇ. ಇನ್ನೆರಡು ಸಂಗತಿ ಕೇಳಿ ಮುಗಿಸುತ್ತೇನೆ. ಕಾಲೇಜು ಮುಗಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ಬರುತ್ತಾಳೆ. ಈ ಜೆಲ್ ಹಚ್ಚುವವರಿಗೆ ಬಿಸಿಲು ತಾಗಬಾರದು ಎನ್ನುತ್ತಾರೆ. ಮತ್ತೆ, ಮುಖ ಗುಣವಾದ ಮೇಲೆ ಜೆಲ್ ನಿಲ್ಲಿಸಬಹುದೇ?

ದುರ್ಗದ ಕವಿತಾ

ಬಿಸಿಲಿಗೆ ಹೆದರಿ ಔಷಧ ಬಿಡಬೇಕಾಗಿಲ್ಲ ಅಕ್ಕಾ. ಚರ್ಮ ಬಿಸಿಲಿಗೆ ಬೇಗ ಕೆಂಪಾಗುವುದು ನಿಜ, ಆದ್ದರಿಂದ ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಜಿಡ್ಡಿಲ್ಲದ ಜೆಲ್ ರೂಪದ ಸನ್‌ಸ್ಕ್ರೀನ್ ಹಚ್ಚಲಿ. ಕಾಲೇಜು ಬಿಡುವ ಹೊತ್ತಿಗೆ ಅದು ಬೆವರಿನಲ್ಲಿ ಹೋಗಿರುತ್ತದೆ, ಹೊರಡುವ ಮುನ್ನ ಮತ್ತೊಮ್ಮೆ ಹಚ್ಚಬೇಕು. ಮುಖಕ್ಕೆ ಸುತ್ತಿಕೊಳ್ಳುವ ದುಪಟ್ಟಾ ಹತ್ತಿಯದಾಗಿದ್ದು ದಿನವೂ ಒಗೆದದ್ದಾಗಿರಲಿ. ಕಪ್ಪು ಕಲೆಗಳು ಮಾಸಬೇಕಾದರೂ ಸನ್‌ಸ್ಕ್ರೀನ್ ಬೇಕೇ ಬೇಕು. ನನಗೆ ಮೊಡವೆ ಹೋದ ಮೇಲೂ ಕಲೆಗಳು ತಿಳಿಯಾಗಲು ಮತ್ತಷ್ಟು ತಿಂಗಳು ಹಿಡಿದವು.

ಪಿಜಿ_ಚರ್ಮವಿಭಾಗ

ಗುಣವಾದ ಕೂಡಲೇ ನಿಲ್ಲಿಸಿದರೆ ಒಳಗಿನ ಅಡೆಗಳು ಮತ್ತೆ ಕಟ್ಟಿಕೊಳ್ಳುತ್ತವೆ. ಮೊಡವೆ ಏಳುವ ವಯಸ್ಸು ದಾಟುವವರೆಗೆ ವಾರಕ್ಕೆ ಕೆಲವು ರಾತ್ರಿಯಾದರೂ ಹಚ್ಚುತ್ತಿರಬೇಕಾಗುತ್ತದೆ, ಎಷ್ಟು ಎಂಬುದನ್ನು ನಿಮ್ಮ ವೈದ್ಯರು ಮುಖ ನೋಡಿ ಹೇಳುತ್ತಾರೆ. ಮೂರು ತಿಂಗಳು ತುಂಬುವ ಮುನ್ನವೇ ಮುಖ ಊದಿಕೊಂಡರೆ, ನೀರೊಸರಿದರೆ ಅಥವಾ ತಡೆಯಲಾಗದಷ್ಟು ತುರಿಕೆಯಾದರೆ ಕಾಯಬೇಡಿ, ಕೂಡಲೇ ಹೋಗಿ ತೋರಿಸಿ. ಖಾಸಗಿ ಖರ್ಚು ಹೊರೆಯೆನಿಸಿದರೆ ಜಿಲ್ಲಾ ಆಸ್ಪತ್ರೆಯಲ್ಲಿಯೂ ತೋರಿಸಬಹುದು.

ಹರಿಹರದ ನಾಗರಾಜ

ತಾಯಿಯವರೇ, ಮೂರು ತಿಂಗಳಾದ ಮೇಲೆ ಫಲಿತಾಂಶವನ್ನು ಇಲ್ಲಿಯೇ ಬರೆಯಿರಿ. ಗುಣವಾಗಿದ್ದರೆ ನಮ್ಮ ಅಣ್ಣನ ಮಗನಿಗೂ ತೋರಿಸಲು ಹೇಳುತ್ತೇನೆ, ಅವನಿಗೂ ಇದೇ ತೊಂದರೆಯಿದೆ.

ಔಷಧಿ ಅಂಗಡಿ, ಪಿ.ಜೆ. ಬಡಾವಣೆ

ನಾಗರಾಜಣ್ಣ, ಮೂರು ತಿಂಗಳು ಕಾಯಿಸಬೇಡಿ, ಹುಡುಗನನ್ನು ಈಗಲೇ ಕರೆದುಕೊಂಡು ಹೋಗಿ. ತಾಯಿಯವರೇ, ಅಡಾಪಲೀನ್ ಟ್ಯೂಬನ್ನು ಕಿಟಕಿಯ ಬಳಿ ಅಥವಾ ಟಿವಿಯ ಮೇಲೆ ಇಡಬೇಡಿ, ನಮ್ಮೂರ ಬೇಸಿಗೆಯ ಕಾವಿಗೆ ಔಷಧ ಕೆಡುತ್ತದೆ. ಮುಚ್ಚಳ ಬಿಗಿಮಾಡಿ ಕತ್ತಲಿರುವ ಕಪಾಟಿನಲ್ಲಿಡಿ. ಅವಧಿ ಮುಗಿಯುವ ತಿಂಗಳು ಟ್ಯೂಬಿನ ಮಡಿಸಿದ ತುದಿಯಲ್ಲಿ ಒತ್ತಿರುತ್ತದೆ, ಆ ತುದಿಯನ್ನು ಸುರುಳಿ ಸುತ್ತುವ ಮುನ್ನ ಓದಿಟ್ಟುಕೊಳ್ಳಿ.